ಹನ್ನೆರಡರ ರೇಟಿಗೆ ಹದಿನಾರು

"ತಗೋರಿ ಕಾಕಾ, ಹನ್ನೆರಡರ ರೇಟಿಗೇ ಹದಿನಾರು ಮಾಡಿ ಕೊಟ್ಟೇನಿ," ಎಂದು ಬಾಗಲಕೋಟೆಯ ಕಂಪ್ಯೂಟರ್ ಅಂಗಡಿಯ ಈರಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. ನನ್ನ ಕಣ್ಣೆದುರೇ ಕಂಪ್ಯೂಟರ್ ಡಬ್ಬಿಯ ಮುಖದ ಮೇಲೆ ವೇಗ ತೋರಿಸುವ ಕೆಂಪು ಅಂಕಿ ಹನ್ನೆರಡರಿಂದ ಹದಿನಾರಾಗಿತ್ತು.

ಎಂಬತ್ತರ ದಶಕದ ಕೊನೆಯ ಮಾತಿದು. ಇಳಕಲ್ಲಿನಲ್ಲಿ ನನ್ನ ಟೈಪಿಂಗ್ ಕ್ಲಾಸಿನ ಎದುರಿನವನು ಹನ್ನೆರಡು ಮೆಗಾಹರ್ಟ್ಸ್ ವೇಗದ ಕಂಪ್ಯೂಟರ್ ತಂದು ನನ್ನ ವಿದ್ಯಾರ್ಥಿಗಳನ್ನು ಸೆಳೆಯುತ್ತಿದ್ದ. ನನಗೆ ಹದಿನಾರೇ ಬೇಕಿತ್ತು, ಅದೂ ಹನ್ನೆರಡರ ರೇಟಿಗೆ. ಮುಂಜಾನೆಯಿಂದ ಜಗ್ಗಾಡಿದ್ದಕ್ಕೆ ಈರಪ್ಪ ಬ್ಯಾಸತ್ತು ಮುಚ್ಚಳ ಬಿಚ್ಚಿದ್ದ.

"ಓಟ ಹೆಚ್ಚಾತೇನೋ?" ಎಂದೆ.

"ಓಟ ಅಷ್ಟ ಐತ್ರಿ. ನಿಮ್ಮ ಸಮಾಧಾನ ಹೆಚ್ಚಾತು," ಎಂದು ನಕ್ಕ.

ಆ ಅಂಕಿಗೂ ಒಳಗಿನ ಮದರ್‌ಬೋರ್ಡಿನ ವೇಗಕ್ಕೂ ಸಂಬಂಧವೇ ಇಲ್ಲವಂತೆ. ಜಂಪರ್ ಎಂಬ ಕಾಳಿನಷ್ಟು ಕ್ಲಿಪ್ ಸರಿಸಿದರೆ ಬೇಕಾದ ಅಂಕಿ ಬರುತ್ತದೆ. ಒಂದೇ ಲೆಕ್ಕವನ್ನು ಎರಡೂ ಅಂಕಿ ಇಟ್ಟು ಓಡಿಸಿ ನೋಡಿದೆವು. ನನ್ನ ಕೈಗಡಿಯಾರದಲ್ಲಿ ಒಂದು ಸೆಕೆಂಡೂ ವ್ಯತ್ಯಾಸವಿಲ್ಲ.

ಅಂಕಿಯನ್ನು ಮತ್ತೆ ಹನ್ನೆರಡು ಮಾಡಿಸಿ ಅದನ್ನೇ ತಂದೆ. ನೀವೂ ಯಂತ್ರ ಕೊಳ್ಳುವಾಗ ಅದರ ಮುಖ ನೋಡಬೇಡಿ, ಕೆಲಸ ಕೊಟ್ಟು ಗಡಿಯಾರ ನೋಡಿ. ಎದುರಿನವನ ಹನ್ನೆರಡು ಖರೆನೋ ಏನೋ. ಕೇಳಿ ಅವನ ಸಮಾಧಾನ ಕೆಡಿಸಲು ನಾನು ಹೋಗಲಿಲ್ಲ.