ಫ್ರಾನ್ಸಿನ ಮುದುಕನೂ ಅತ್ತೆಯ ಬೀಗರ ಹಾಡೂ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಮಧ್ಯಾಹ್ನ ಅತ್ತೆಯ ಪಡಸಾಲೆಯಲ್ಲಿ ನಾವು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದದ್ದು ಖಚಿತ, ಏಕೆಂದರೆ ಸೀನಿದ್ದು ನೆನಪಿದೆ. ಮೊದಲು ಸೀನಿದವರು ಯಾರು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ನನ್ನ ಪ್ರಕಾರ ಅತ್ತೆ. ಅತ್ತೆಯ ಪ್ರಕಾರ ನನ್ನ ಫೋನಿನೊಳಗೆ ಹಾಡುತ್ತಿದ್ದ ಫ್ರೆಂಚ್ ಮುದುಕ. ಆಮೇಲೆ ಆ ಹಾಡನ್ನು ಎಷ್ಟೋ ಸಲ ಕೇಳಿದ್ದೇನೆ, ಸೀನು ಸಿಕ್ಕಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ, ಇರುವುದು ಯರಗುಪ್ಪಿಯಲ್ಲಿ. ಅವಳ ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಮದುವೆಯ ಖಾರಪುಡಿಗೆ ಕೈ ಹಚ್ಚಲು ನಾನು ಪಾಠ ಮಾಡುವ ಕಾಲೇಜಿಗೆ ರಜೆ ಹಾಕಿ ಹೋಗಿದ್ದೆ. ಕಿವಿಯಲ್ಲಿ ಆಗ ಈ ಮುದುಕ ಹೊಸದಾಗಿ ಬಂದು ಕೂತಿದ್ದ.

ವಿಶ್ವವಿದ್ಯಾಲಯದಲ್ಲಿ ಓದುವಾಗ ಸಂಜೆಯ ಫ್ರೆಂಚ್ ತರಗತಿಗೆ ಒಂದಿಷ್ಟು ದಿನ ಹೋಗಿದ್ದೆ. ಅದರಿಂದ ಉಳಿದದ್ದು ‘ನಮಸ್ಕಾರ’, ‘ಚಮಚ’ ಮತ್ತು ಆ ಭಾಷೆಯಲ್ಲಿ ಮೇಜು ಹೆಣ್ಣು ಎಂಬ ಜ್ಞಾನ. ಇಷ್ಟು ಬಂಡವಾಳ ಹಿಡಿದು, ನಾನು ಹುಟ್ಟುವ ಮೊದಲಿನಿಂದಲೂ ತಾನೇ ಹಾಡು ಕಟ್ಟಿ ತಾನೇ ಹಾಡುತ್ತ ಬಂದ ಒಬ್ಬ ಮನುಷ್ಯನನ್ನು ಪೂರ್ತಿ ಕೇಳುತ್ತೇನೆಂದು ಹೊರಟೆ. ಮೊದಲ ಆಲ್ಬಮ್ಮಿನಿಂದ ಶುರುಮಾಡಬೇಕಿತ್ತು. ಫೋನು ನನ್ನ ಮುಂದೆ ತಂದಿಟ್ಟದ್ದು ಕಡೆಯದನ್ನು. ಹಾಗಾಗಿ ಬಾಲ ಹಿಡಿದು ಹತ್ತಿದೆ. ಹಿಂದಕ್ಕೆ ಹೋದಹಾಗೆಲ್ಲ ಅವನ ಗಂಟಲು ತಿಳಿಯಾಯಿತು, ಚಿತ್ರಗಳಲ್ಲಿ ಕೂದಲು ಮರಳಿತು, ಹೊಟ್ಟೆ ಕರಗಿತು. ನೋಡನೋಡುತ್ತಾ ನನ್ನ ವಿದ್ಯಾರ್ಥಿಗಳ ವಯಸ್ಸಿಗೆ ಇಳಿದು, ಅವರಷ್ಟೇ ಸಿಟ್ಟಿನಿಂದ ಹಾಡತೊಡಗಿದ. ಅರ್ಥಕ್ಕೆ ಫೋನಿನ ಅನುವಾದವೇ ಗತಿ. ಒಂದು ಹಾಡಿನಲ್ಲಿ ಅದು ‘ನನ್ನ ಪುಟ್ಟ ಎಲೆಕೋಸೇ’ ಎಂದಿತು. ಅಲ್ಲಿ ಮುದ್ದಿಗೆ ಹಾಗೆ ಕರೆಯುತ್ತಾರೆಂದು ತಿಳಿಯುವ ತನಕ ಅವನಿಗೆ ಕಾಯಿಪಲ್ಯೆಯ ಹೊಲವಿದೆಯೆಂದೇ ನಂಬಿದ್ದೆ.

ಅತ್ತೆ ಕೇಳಿದ್ದು ಕಡೆಯ ಆಲ್ಬಮ್ಮನ್ನು.

“ಯಾರಬೇ ಈ ಮನಿಷ್ಯಾ? ಮೆಣಸಿನಕಾಯಿ ಚೀಲದಾಗ ಕುಂತು ಹಾಡಾಕತ್ತಾನೇನು?”

“ವಯಸ್ಸಾಗೇತಿ ಅತ್ತಿ. ಎಂಬತ್ತರ ಬಾಜು ಅದಾನ.”

“ಎಂಬತ್ತಾದ್ರ ಮನ್ಯಾಗ ಬೆಚ್ಚಗ ಕುಂದರಬೇಕು. ದನಿ ಹೋಗೇತಿ ಅನ್ನೂ ಖಬರರ ಐತೋ ಇಲ್ಲೋ?”

“ಖಬರ ಐತಿ. ಆದ್ರೂ ಹಾಡ್ತಾನ. ಮಂದಿ ರೊಕ್ಕಾ ಕೊಟ್ಟು ಕೇಳ್ತಾರ.”

“ಅಗದಿ ಹುಚ್ಚ ಮಂದಿ,” ಎಂದು ಅತ್ತೆ ಮತ್ತೆ ಸೀನಿದಳು.

ದನಿ ಹೋದರೂ ಹಾಡಬಹುದೆಂಬ ಈ ಮಾತಿಗೆ ಬರಬೇಕೆಂದೇ ನಾನು ಹಾಡು ಹಚ್ಚಿದ್ದೆ. ನಮ್ಮಲ್ಲಿ ಮದುವೆಯ ದಿನ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಾಡಿನಲ್ಲೇ ಬೈಯಬೇಕು. ಇವು ಬೀಗರ ಹಾಡು. ನಮ್ಮ ಮನೆತನದಲ್ಲಿ ಕಟ್ಟುವವಳೂ ಹಾಡುವವಳೂ ಅತ್ತೆಯೇ. ಹೋದ ವರ್ಷ ಒಂದು ಜ್ವರ ಬಂದು ಅವಳ ದನಿ ಒಡೆದಿತ್ತು. ಮೇಲಿನ ಸ್ವರಕ್ಕೆ ಹೋದರೆ ತುಕ್ಕು ಹಿಡಿದ ಬಾಗಿಲು ತೆರೆದಂತೆ. “ಸ್ಪೀಕರ್ ತರಸ್ರಿ, ನಾ ಹಾಡಂಗಿಲ್ಲ,” ಎಂದು ಸಾರಿಬಿಟ್ಟಿದ್ದಳು. ಮದುಮಗಳು ಮುಖ ಊದಿಸಿಕೊಂಡು ನನ್ನ ಹತ್ತಿರ ಬಂದಿದ್ದಳು. “ಆಯಿ ಹಾಡದಿದ್ರ ಅದೇನ್ ಮದಿವಿ? ಅಕ್ಕಾ, ನೀ ಕಲತಾಕಿ, ನೀನ ಹೇಳು.” ಕಲಿತದ್ದು ಇಂಥದ್ದಕ್ಕೆ ಉಪಯೋಗಕ್ಕೆ ಬಂದೀತೆಂದು ಯಾರೂ ನನಗೆ ಹೇಳಿರಲಿಲ್ಲ.

ನನಗೆ ನನ್ನದೇ ಒಂದು ಸ್ವಾರ್ಥವೂ ಇತ್ತು. ನಾನು ಸಣ್ಣವಳಿದ್ದಾಗ ಅತ್ತೆ ತನ್ನ ತಂಗಿಯ ಮದುವೆಯಲ್ಲಿ ಹಾಡಿದ್ದ ಹಾಡು ಅರ್ಧಂಬರ್ಧ ನೆನಪಿದೆ. ‘ಹೋಳಗಿ ಎಣಿಸಿ ಹಾಕ್ರೆವ್ವಾ, ಬೀಗತಿ ಸೆರಗಿಗಿ ಕಿಸೆ ಐತಿ’ ಎಂಬಂಥ ಸಾಲುಗಳು. ಅಷ್ಟು ಬೈಗುಳದ ಕೊನೆಗೆ, ದನಿ ತಗ್ಗಿಸಿ, ಬೈಯದ ಒಂದು ಸಾಲು: ‘ಛತ್ರಿ ಹಿಡದಾಂವ ಉಣಲಿಲ್ಲ, ಅವನ ಎಲಿ ಬಾಡೈತಿ.’ ಯಾರಿವನು? ನನ್ನ ನೆನಪಿನಲ್ಲಿ ಅವನ ಹಿಂದೆ ಮಳೆಯೂ ಸುರಿಯುತ್ತದೆ. ಆ ಮದುವೆಯಾದದ್ದು ಕಡುಬೇಸಿಗೆಯಲ್ಲಿ. ಹಾಗಾದರೆ ಮಳೆ ನಾನು ತಂದದ್ದು. ಛತ್ರಿಯನ್ನೂ ನಾನೇ ತಂದೆನೇ?

ಕೇಳಿದ್ದಕ್ಕೆ, “ಅಂಥಾ ಸಾಲ ನಾ ಹಾಡೇ ಇಲ್ಲ,” ಎಂದಳು ಅತ್ತೆ. “ಬೈಯೂ ಹಾಡಿನ್ಯಾಗ ಬೈಗಳ ಇರತಾವ. ಎಲಿ ಬಾಡೂದೆಲ್ಲಿ ಬಂತು?”

ಕಟ್ಟೆಯ ಮೇಲೆ ಒರಗಿದ್ದ ಮಾವ, ಅಂದರೆ ಅತ್ತೆಯ ಗಂಡ, ತಲೆ ಎತ್ತಿದ. “ಲೇ, ಅಂವ ನಾನ ಇರಬೇಕು. ಅವತ್ತ ನನ್ನ ಕೈಯಾಗ ಛತ್ರಿ ಇತ್ತು.”

“ನಿಮ್ಮ ಎಲಿ ಯಾವತ್ತರ ಬಾಡೂಮಟಾ ಉಳದೈತೇನ್ರಿ?”

ಮಾವ ಮತ್ತೆ ಒರಗಿದ.

ಆಗ ನಾನು ಏಣಿಯ ಹಾಡು ಹಚ್ಚಿದೆ. ಮುದುಕ ಅದನ್ನು ಆಯುಷ್ಯದಲ್ಲಿ ಎರಡು ಸಲ ಹಾಡಿದ್ದಾನೆ. ಹರೆಯದಲ್ಲಿ ಹಾಡಿದ್ದರಲ್ಲಿ ಬಾಜು ಮನೆಯವನು ತನ್ನ ಏಣಿ ಒಯ್ದು ತಿರುಗಿ ಕೊಡಲೇ ಇಲ್ಲವೆಂದು ಗಿಟಾರಿನ ತಂತಿ ಹರಿಯುವಂತೆ ಬೈಯುತ್ತಾನೆ. ಮುದುಕನಾಗಿ ಹಾಡಿದ್ದರಲ್ಲಿ ಅದೇ ಧಾಟಿ, ನಿಧಾನ. ಬಾಜು ಮನೆಯವನು ಈಗಿಲ್ಲ, ಏಣಿ ಇನ್ನೂ ಅವನ ಗೋಡೆಗೇ ಆನಿಕೊಂಡಿದೆ, ಅವನ ಗರಗಸ ತನ್ನ ಮನೆಯಲ್ಲೇ ಇದೆ ಎನ್ನುತ್ತಾನೆ. ಫೋನಿನ ಅನುವಾದವನ್ನು ನಾನು ಯರಗುಪ್ಪಿಯ ಮಾತಿಗೆ ತಂದು ಹೇಳಿದೆ. ದಾರಿಯಲ್ಲಿ ಎಷ್ಟು ಚೆಲ್ಲಿತೋ, ನಾನು ಎಷ್ಟು ಬೆರೆಸಿದೆನೋ ಹೇಳಲಾರೆ.

“ಮೊದಲಿಂದು ಖರೇ ಹಾಡು,” ಎಂದಳು ಅತ್ತೆ ತಕ್ಷಣ. “ಸಾಯೂ ಹೊತ್ತಿಗೆ ಎಲ್ಲಾರೂ ಶ್ಯಾಣ್ಯಾ ಆಗ್ತಾರ.” ಸ್ವಲ್ಪ ಹೊತ್ತು ತೊಟ್ಟು ಬಿಡಿಸಿದಳು. “ತಾ ಕಟ್ಟಿದ ಹಾಡ ತಾನ ಬದಲ ಮಾಡಿದ್ರ ಮಂದಿ ಏನೂ ಅನ್ನಂಗಿಲ್ಲೇನು?”

“ಅವಂದು ಹಾಡು, ಅವನ ಮರ್ಜಿ.”

“ಹಂಗಾರ ಇನ್ನೊಮ್ಮೆ ಹಚ್ಚು. ಮುದುಕಂದು.”

ಅಂದು ಸಂಜೆ ರೊಟ್ಟಿ ಬಡಿಯುವ ಸದ್ದಿನ ಅಡಿಯಲ್ಲಿ ಏನೋ ಗುನುಗು ಕೇಳಿತು. ನಾನು ಅಡುಗೆಮನೆಯ ಬಾಗಿಲಿಗೆ ಬಂದದ್ದೇ ನಿಂತಿತು. “ಏನ್ ನೋಡ್ತಿ? ರೊಟ್ಟಿ ನೋಡಿಲ್ಲೇನು?” ಎಂದಳು. ಹಾಡುತ್ತೇನೆ ಎನ್ನಲಿಲ್ಲ, ಹಾಡುವುದಿಲ್ಲ ಎಂದೂ ಎನ್ನಲಿಲ್ಲ.

ಮದುವೆಯ ದಿನ ಸ್ಪೀಕರ್ ಬಂದಿತ್ತು. ಅಣ್ಣಿಗೇರಿಯ ಬೀಗರು ಎಲೆಯ ಮುಂದೆ ಕೂತರು. ಸಿನಿಮಾ ಹಾಡಿಗೆ ಎಲೆಗಳೂ ಅದುರುತ್ತಿದ್ದವು. ಗಂಡಿನ ತಾಯಿ ಹೋಳಿಗೆಯನ್ನು ಮುಟ್ಟದೆ ಕೂತಿದ್ದವಳು ನಮ್ಮ ಕಡೆಗೆ ತಿರುಗಿ ಕೇಳಿದಳು:

“ಏನ್ರಿ ಬೀಗತ್ಯಾರ, ನಮ್ಮನ್ನ ಬೈಯಾಕ ಯಾರೂ ಇಲ್ಲೇನ್ರಿ? ಬೈಸಿಕೊಳ್ಳಾಕ ಅಣ್ಣಿಗೇರಿಂದ ಬಂದೇವ್ರಿ. ಇಷ್ಟ ಸಪ್ಪಗ ಉಣಸ್ತೀರೇನು?”

ಮದುಮಗಳು ಅತ್ತೆಯನ್ನು ನೋಡಿದಳು. ಅತ್ತೆ ನನ್ನನ್ನು ನೋಡಿದಳು. ನನ್ನನ್ನು ಯಾಕೆ ನೋಡಿದಳೋ! ನಾನು ಸ್ಪೀಕರಿನ ವೈರು ಕಿತ್ತೆ. ಅಥವಾ ಕರೆಂಟು ಹೋಯಿತು. ಮಾವ ಹಾಗೆ ಹೇಳುತ್ತಾನೆ, ಯರಗುಪ್ಪಿಯಲ್ಲಿ ಅದೂ ನಂಬುವ ಮಾತೇ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದಳು. ಮೊದಲ ಸಾಲಿಗೇ ದನಿ ಒಡೆಯಿತು. ಹಿಂದಿನಂತೆ ಮೇಲೆ ಹಾರಲು ಅವಳು ಹೋಗಲಿಲ್ಲ. ಕೆಳಗಿನ ಸ್ವರದಲ್ಲೇ, ಪಕ್ಕದಲ್ಲಿ ಕೂತವರಿಗೆ ಚಾಡಿ ಹೇಳುವಂತೆ, ಅರ್ಧ ಮಾತು ಅರ್ಧ ಹಾಡಾಗಿ ಬೈಯತೊಡಗಿದಳು. ಬೀಗರ ಗುಂಗುರು ಮೀಸೆಗೆ ಒಂದು ಸಾಲು, ಅವರ ಹೊಸ ಕಾರಿನಲ್ಲಿ ಕೋಳಿ ಮೊಟ್ಟೆಯಿಟ್ಟದ್ದಕ್ಕೆ ಒಂದು. ಗಂಡಿನ ತಾಯಿಯ ಫೋನು ಅವಳಿಗಿಂತ ಜಾಸ್ತಿ ಮಾತಾಡುತ್ತದೆಂದಾಗ ಆಕೆ ನಗುತ್ತಾ ಹೋಳಿಗೆ ಮುರಿದಳು. “ಇನ್ನೊಂದ ಬೈರಿ, ಇನ್ನೊಂದ ಬೈರಿ,” ಎಂದು ಅವರ ಕಡೆಯ ಮುದುಕಿಯರು ಬೇಡಿದರು. ಕೇಳಲೆಂದು ಪಂಕ್ತಿಯ ಆ ತುದಿಯವರು ಊಟ ಬಿಟ್ಟು ಮುಂದಕ್ಕೆ ಬಾಗಿದ್ದರು. ಮದುಮಗಳು ನಗುತ್ತಾ ಕಾಡಿಗೆ ಒರೆಸಿಕೊಳ್ಳುತ್ತಿದ್ದಳು.

ಮುಗಿಯಿತು ಎನ್ನುವಾಗ ಅತ್ತೆ ದನಿಯನ್ನು ಇನ್ನೂ ತಗ್ಗಿಸಿದಳು.

‘ಛತ್ರಿ ಹಿಡದಾಂವ ಹಸದಾನ, ಅವನ ಎಲಿ ಹಾಕ್ರೆವ್ವಾ.’

ನಾನು ಪಂಕ್ತಿಯುದ್ದಕ್ಕೂ ನೋಡಿದೆ. ಯಾರ ಕೈಯಲ್ಲೂ ಛತ್ರಿ ಇರಲಿಲ್ಲ. ಮಾವ ತುಪ್ಪಕ್ಕೆ ಕೈ ಚಾಚಿದ್ದ. ಬಡಿಸುವ ಹೆಣ್ಣುಮಗಳೊಬ್ಬಳು ಹಾಡಿನ ಮಾತಿಗೆ ನಿಜವಾಗಿಯೂ ತುದಿಯಲ್ಲಿ ಒಂದು ಎಲೆ ಹಾಕಿ ನೀರು ಚಿಮುಕಿಸಿದಳು. ಅದರ ಮುಂದೆ ಯಾರೂ ಕೂರಲಿಲ್ಲ. ಇದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದುಕೊಂಡಿದ್ದೇನೆ.

ಮೊದಲು ಸಂತೋಷವಾಯಿತು, ಆಮೇಲೆ ಅನುಮಾನ ಬಂತು. ಆ ಸಾಲು ಅವಳದೇ ಆಗಿದ್ದು, ಮುದುಕ ಏಣಿಯ ಹಾಡನ್ನು ತಿದ್ದಿದಂತೆ ಅವಳೂ ತಿದ್ದಿರಬಹುದು. ಇಲ್ಲವೇ ನಾನೇ ಮೆಣಸಿನಕಾಯಿಯ ಮುಂದೆ ಕೂತು ಮತ್ತೆ ಮತ್ತೆ ಹೇಳಿದ್ದಕ್ಕೆ, ಕೇಳಿ ಕೇಳಿ ಬೇಸತ್ತು, ನನ್ನ ಬಾಯಿ ಮುಚ್ಚಿಸಲು ಹೊಸದಾಗಿ ಕಟ್ಟಿರಬಹುದು. ಎರಡನೆಯದೇ ನಿಜವಾದರೆ ಬೇಸಿಗೆಯಲ್ಲಿ ಮಳೆ ಸುರಿಸಿದವಳೂ ಛತ್ರಿ ಕೊಟ್ಟವಳೂ ನಾನೇ.

ಮರುದಿನ ಅಂಗಳದಲ್ಲಿ ಕಡಾಯಿ ತಿಕ್ಕುವಾಗ ಆ ಸಾಲಿನ ಬಗ್ಗೆ ಕೇಳಿದೆ. ಅತ್ತೆ ಬೂದಿ ಹಾಕಿ ಇನ್ನಷ್ಟು ಜೋರಾಗಿ ತಿಕ್ಕಿದಳು. ಆಮೇಲೆ, “ಆ ನಿನ್ನ ಮುದುಕಂದು ಹಚ್ಚಬೇ, ಏಣಿದು,” ಎಂದಳು. ಹಚ್ಚಿದೆ. ಹಾಡು ಮುಗಿದ ಮೇಲೆ ಮತ್ತೆ ಅದೇ ಪ್ರಶ್ನೆ ಹಾಕಿದೆ. ಈಗಲೂ ಫೋನು ಮಾಡಿದಾಗೊಮ್ಮೆ, ಮಳೆಬೆಳೆ ವಿಚಾರಿಸಿಯಾದ ಮೇಲೆ, ಅದನ್ನೇ ಕೇಳುತ್ತೇನೆ:

“ಅತ್ತಿ, ಛತ್ರಿ ಹಿಡದಾಂವ ಖರೇನ ಇದ್ದನೇನು?”