ಎಡರೆಕ್ಕೆಯ ಗರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಂಗಮಂದಿರದ ಹಿಂಬದಿಯ ಉಡುಪಿನ ಕೋಣೆಯಲ್ಲಿ ಕೆಟಲ್ ಕುದಿಯುತ್ತಿದೆ, ಚಹಾಕ್ಕಲ್ಲ. ಗರಿಯಮ್ಮ ಅದರ ಹಬೆಗೆ ಬಾತುಕೋಳಿಯ ಬಿಳಿ ಗರಿಯೊಂದನ್ನು ಹಿಡಿದು, ಸೊಟ್ಟಗಾದದ್ದನ್ನು ನೀವಿ ಸರಿಮಾಡುತ್ತಿದ್ದಾರೆ. ಅವರನ್ನು ನಿಜವಾದ ಹೆಸರಿನಿಂದ ಕರೆಯುವವರು ಇಲ್ಲಿ ಯಾರೂ ಇಲ್ಲ.

ಮೇಜಿನ ಮೇಲೆ ಅರ್ಧ ಬಿಚ್ಚಿದ ಕಿರೀಟವಿದೆ. ಬ್ಯಾಲೆಯಲ್ಲಿ ಬಿಳಿ ಹಕ್ಕಿಯಾಗುವ ಹುಡುಗಿಗಾಗಿ ಮಾಡಿದ್ದು ಅದು. ನಿನ್ನೆಯ ತಾಲೀಮಿನಲ್ಲಿ ಅದನ್ನು ಧರಿಸಿ ಒಂಟಿ ಕಾಲ ತುದಿಯಲ್ಲಿ ಸುತ್ತುವಾಗ ಆಕೆ ವಾಲಿದಳು, ಮತ್ತೆ ಸುತ್ತಿ ಬಿದ್ದೇಬಿಟ್ಟಳು. "ನಾಳೆ ಬೆಳಗ್ಗೆ ಇನ್ನೊಂದು ಸಲ ನೋಡ್ತೀನಿ, ಹೀಗೇ ಆದ್ರೆ ಪಾತ್ರ ಬೇರೆಯವಳಿಗೆ" ಎಂದುಬಿಟ್ಟರು ನೃತ್ಯದ ಮೇಷ್ಟ್ರು. ಹುಡುಗಿ ಕಿರೀಟವನ್ನು ದೂರಲಿಲ್ಲ. "ನನ್ನ ಕತ್ತೇ ಸರಿಯಿಲ್ಲ ಅಮ್ಮಾ" ಎಂದು ಮೆಲ್ಲಗೆ ತೆಗೆದುಕೊಟ್ಟು ಹೋದಳು.

ಆ ಮಾತೇ ಗರಿಯಮ್ಮನಿಗೆ ನಿದ್ದೆ ಕೊಡಲಿಲ್ಲ. ಜಾವಕ್ಕೇ ಬಂದು ಕಿರೀಟವನ್ನು ಟೇಬಲ್ ಫ್ಯಾನಿನ ಮುಂದಿಟ್ಟರು. ಎಡಗಡೆಯ ಗರಿಗಳು ತೆಪ್ಪಗೆ ಮಲಗಿದವು. ಬಲಗಡೆಯವು ಗಾಳಿ ತುಂಬಿಕೊಂಡು ಎದ್ದು ನಿಂತವು. ಹಕ್ಕಿಯ ಎಡರೆಕ್ಕೆಯ ಗರಿ ಒಂದು ಕಡೆ ಬಾಗಿದರೆ ಬಲರೆಕ್ಕೆಯದು ಇನ್ನೊಂದು ಕಡೆ ಬಾಗುತ್ತದೆ. ಕಿರೀಟದ ಬಲಗಡೆಗೆ ಎಡರೆಕ್ಕೆಯವು ಸೇರಿಕೊಂಡಿದ್ದವು; ಸುತ್ತುವಾಗ ಗಾಳಿ ಹಿಡಿದು ಹುಡುಗಿಯ ತಲೆಯನ್ನು ಎಳೆದದ್ದು ಅವೇ.

"ತೊಳೆದ್ಮೇಲೆ ಎಡದ್ದು, ಬಲದ್ದು ಎರಡೂ ರಾಶೀನ ಒಂದೇ ಟವೆಲ್ ಮೇಲೆ ಸುರಿದುಬಿಟ್ಟೆ ಅತ್ತೆ. ಬೈದುಬಿಡಿ" ಎನ್ನುತ್ತಾಳೆ ಜೊತೆಗೇ ಕೆಲಸ ಮಾಡುವ ಸೊಸೆ.

"ಆಮೇಲೆ ಬೈತೀನಿ. ಈಗ ಸೂಜಿಗೆ ದಾರ ಹಾಕು."

ಗಂಡನ ಟೋಪಿ ಅಂಗಡಿಯಲ್ಲಿ ಕಲಿತ ಕೆಲಸ ಇದು. ಜನ ಟೋಪಿ ಬಿಟ್ಟರು, ಅಂಗಡಿ ಮುಚ್ಚಿತು, ಗಂಡನೂ ಹೋದರು. ರಂಗಮಂದಿರ ಕೈಹಿಡಿಯಿತು. ಬಿಸಿ ಅಂಟು, ಹಬೆ ತಿಂದು ತಿಂದು ಬೆರಳ ತುದಿಗಳೀಗ ಜಡ್ಡುಗಟ್ಟಿವೆ. "ಮೊದಲು ಕಣ್ಮುಚ್ಚಿ ಮುಟ್ಟಿ ಎಡ, ಬಲ ಹೇಳ್ತಿದ್ದೆ. ಈಗ ಬೆರಳು ಮಾತೇ ಕೇಳಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಯಾರ ಹತ್ರಾನೂ ಬಾಯಿ ಬಿಡಲಿಲ್ಲ" ಎನ್ನುತ್ತಾರೆ.

ತಾಲೀಮು ಶುರುವಾಗುವ ಮೊದಲೇ, ಸರಿಪಡಿಸಿದ ಕಿರೀಟ ಹಿಡಿದು ಮೇಷ್ಟ್ರ ಎದುರು ನಿಲ್ಲುತ್ತಾರೆ. "ನಿನ್ನೆ ಬೀಳಿಸಿದ್ದು ನನ್ನ ಕಿರೀಟ, ಸಾರ್. ಹುಡುಗೀದೇನೂ ತಪ್ಪಿಲ್ಲ. ನನ್ನ ಬೆರಳಿಗೆ ಗರಿ ತಿಳಿತಾ ಇಲ್ಲ." ಸೊಸೆಯ ಟವೆಲ್ಲಿನ ಸುದ್ದಿಯನ್ನು ಎತ್ತುವುದೇ ಇಲ್ಲ. ಮೇಷ್ಟ್ರು ತಮ್ಮ ಕುರ್ಚಿಯನ್ನೇ ಅವರತ್ತ ಎಳೆದು, "ಕೂತ್ಕೊಳ್ಳಿ, ನೋಡೋಣ" ಎನ್ನುತ್ತಾರೆ.

ಹುಡುಗಿ ಸುತ್ತುತ್ತಾಳೆ. ಎಲ್ಲರೂ ಕಾಲು ನೋಡುತ್ತಿದ್ದರೆ ಗರಿಯಮ್ಮ ಗರಿ ನೋಡುತ್ತಾರೆ. ಒಂದೂ ಏಳುವುದಿಲ್ಲ. ಸುತ್ತು ಮುಗಿಸಿ ನೆಟ್ಟಗೆ ನಿಂತ ಹುಡುಗಿ ಗಾಬರಿಯಿಂದ ತಲೆ ಮುಟ್ಟಿ ನೋಡಿಕೊಳ್ಳುತ್ತಾಳೆ. "ಅಮ್ಮಾ, ಕಿರೀಟ ಇದೆ ತಾನೇ?"

"ಇದೆ ಕಣೇ, ಇದೆ."

"ಸಂಜೆ ಪ್ರದರ್ಶನಕ್ಕೆ ಇವಳೇ" ಎನ್ನುತ್ತಾರೆ ಮೇಷ್ಟ್ರು. ಗರಿಯಮ್ಮನತ್ತ ತಿರುಗಿ, "ಮುಂದಿನ ಬ್ಯಾಲೆಗೂ ನೀವೇ. ಗರಿ ಆರಿಸೋಕೆ ಯಾರನ್ನಾದ್ರೂ ತಯಾರು ಮಾಡ್ಕೊಳ್ಳಿ."

ಕೋಣೆಗೆ ಮರಳಿದಾಗ ಸೊಸೆ ನೆನಪಿಸುತ್ತಾಳೆ: "ಬೈಯೋದು ಬಾಕಿ ಇದೆ ಅತ್ತೆ."

"ಕಣ್ಮುಚ್ಚು." ಅವಳ ಅಂಗೈಗೆ ಒಂದು ಗರಿ ಬೀಳುತ್ತದೆ. ಅವಳು ಬೆರಳಾಡಿಸಿ, ತಡೆದು ಹೇಳುತ್ತಾಳೆ: "ಎಡ."

ಗರಿಯಮ್ಮ ಗರಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. "ಸದ್ಯ, ಗರಿ ತಿಳಿಯೋ ಬೆರಳು ನಮ್ಮನೇಲಿ ಇನ್ನೂ ಇದೆ."