ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಶಾಮಿಯಾನ ಹಾಕುವವರೆಲ್ಲ ತಮ್ಮ ಗಂಟು ಬಿಚ್ಚುವುದಿಲ್ಲವೆಂದು ಹೇಳಿಕೊಂಡರೆ, ಕೊಟ್ಟೂರಿನ ಇಮಾಮಸಾಬರು ತಮ್ಮ ಗಂಟು ಒಂದೇ ಎಳೆತಕ್ಕೆ ಬಿಚ್ಚುತ್ತದೆಂದು ಹೆಮ್ಮೆಪಡುತ್ತಿದ್ದರು. "ಕಟ್ಟೂದು ಯಾರಿಗರ ಬರ್ತೈತ್ರಿ. ಗಾಳಿ ಬರೂದ್ರಾಗ ಬಿಚ್ಚಾಕ ಬರಬೇಕು" ಎನ್ನುವರು.

ಉಚ್ಚಂಗಿದುರ್ಗದ ಮದುವೆಯೊಂದರಲ್ಲಿ ಬಿರುಗಾಳಿ ಚಪ್ಪರವನ್ನು ಕಂಬಸಮೇತ ಎತ್ತಿ ಒಗೆದಾಗ ಅವರ ತಮ್ಮ ಕಂಬದಡಿ ಸಿಕ್ಕಿ ತೀರಿಕೊಂಡಿದ್ದ. ಅಂದಿನಿಂದ ಬೇಸಿಗೆಯ ಮದುವೆಗಳಲ್ಲಿ ಅವರು ಕೂತು ಉಂಡದ್ದನ್ನು ನಾನು ಕಾಣೆ. ಕಂಬದ ಪಕ್ಕ ನಿಂತು ಮೊಬೈಲಿನಲ್ಲಿ ಮಳೆಗಾಳಿಯ ರಾಡಾರ್ ಚಿತ್ರ ನೋಡುವರು. ಪಶ್ಚಿಮದಲ್ಲಿ ಕೆಂಪು ಕಂಡರೆ ಆ ದಿಕ್ಕಿಗೇ ಇರುವ ನಮ್ಮ ಸೀಮೆಯ ಅರಸೀಕೆರೆಯ ಚಹಾದಂಗಡಿಯ ಬಸಣ್ಣನಿಗೆ ಫೋನು.

"ಮ್ಯಾಲಿಂದು ನನಗೂ ಕಾಣ್ತೈತಿ ಮಾರಾಯ, ನೆಲದ್ದು ಹೇಳು. ನಿನ್ನ ಅಂಗಡಿ ತಗಡು ಬಡಕೊಳ್ಳಾಕತ್ತಾವೋ ಇಲ್ಲೋ?"

ಅಲ್ಲಿ ತಗಡು ಬಡಿದುಕೊಂಡರೆ ಇಲ್ಲಿ ಬಟ್ಟೆ ಇಳಿಯುತ್ತಿತ್ತು.

ನನ್ನ ತಂಗಿಯ ಮದುವೆಯಲ್ಲಿ ಬೀಗರ ಪಂಕ್ತಿ ಕುಳಿತಿದ್ದಾಗಲೇ ಬಸಣ್ಣನ ಫೋನು ಬಂತು. ಸಾಬರು ಯಾರನ್ನೂ ಕೇಳದೆ ಹಗ್ಗ ಎಳೆದರು. ಬಟ್ಟೆ ಪಕ್ಕಕ್ಕೆ ಜಾರಿ, ಊಟದೆಲೆಗಳ ಮೇಲೆ ಸುಡುಬಿಸಿಲು ಬಿತ್ತು. ಗಾಳಿಯೋ, ಹಗರಿಬೊಮ್ಮನಹಳ್ಳಿಯ ಕಡೆ ಹೊರಳಿಹೋಯಿತು.

"ಏನ್ ಸಾಬ್ರ, ನಿಮ್ಮ ಬಿರುಗಾಳಿಗೆ ಬಸ್ಸು ತಪ್ಪಿತೇನ್ರಿ?" ಎಂದು ಬೀಗರೊಬ್ಬರು ಕುಟುಕಿದರು.

"ತಪ್ಪಿದ್ದು ಚೊಲೋ ಆತ್ರಿ. ಹೋಳಿಗಿ ಆರತೈತಿ, ಉಣ್ರಿ."

ನಗು ಅಲ್ಲಿಗೇ ನಿಲ್ಲಲಿಲ್ಲ. ಸಾಬರದು 'ಹೆದರಿಕೆ ಚಪ್ಪರ' ಎಂಬ ಮಾತು ಊರೆಲ್ಲ ಹಬ್ಬಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನು ಅವರ ಪರವಾಗಿ ವಾದ ಹೂಡಿದೆ: ಮುನ್ಸೂಚನೆ ಸುಳ್ಳಾದರೆ ಕೆಡುವುದು ಒಂದು ಊಟ; ಅದನ್ನು ಕಡೆಗಣಿಸಿದ ದಿನ ನಿಜವಾದರೆ ಹೋಗುವುದು ಜೀವ; ಆದುದರಿಂದ ಎಚ್ಚರಿಸಿದವನನ್ನು ನೋಡಿ ನಗುವ ಸಮಾಜ ತನ್ನ ಕಾವಲುಗಾರನನ್ನು ತಾನೇ ಓಡಿಸುತ್ತದೆ. ಕೇಳಿದವರೆಲ್ಲ ತಲೆದೂಗಿದರು, ಮುಂದಿನ ಮದುವೆಗೆ ಬೇರೆಯವರ ಶಾಮಿಯಾನ ಹಾಕಿಸಿದರು.

ಇದನ್ನು ನೊಂದು ಹೇಳಿದಾಗ ಸಾಬರು ನಕ್ಕರು. ಆಮೇಲೆ ದನಿ ತಗ್ಗಿಸಿ, "ಗಿರಾಕಿ ಹೋದ್ರ ಹೋಗಲಿ ಸರ. ಮಂದಿ ನಗತಾರ ಅಂತ ನಾಳೆ ಹಗ್ಗಕ್ಕ ಹೋದ ನನ್ನ ಕೈ ಒಂದೀಟು ತಡದ್ರ? ನನಗ ಅದರ ಹೆದರಿಕಿ ನೋಡ್ರಿ" ಎಂದರು.

ಹೋದ ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಅವರ ಮನೆಯ ಮುಂದೆ, ಅವರದೇ ಆಳುಗಳು ಕಟ್ಟಿದ ಶಾಮಿಯಾನದಡಿ ನಾವೆಲ್ಲ ಮಣ್ಣು ಕೊಡುವ ಹೊತ್ತಿಗೆ ಕಾಯುತ್ತ ಕೂತಿದ್ದೆವು. ಹೆದರಿಕೆ ಚಪ್ಪರವೆಂದು ಆಡಿಕೊಂಡವರೂ ಇದ್ದರು. ಒಳಗೆ ಸಾಬರ ಮೊಬೈಲು ರಿಂಗಾಯಿತು. ಹೆಂಡತಿ ಜೈತುನಬಿ ಸ್ಪೀಕರ್ ಒತ್ತಿ ಅದನ್ನು ಹಿಡಿದು ಬಾಗಿಲಿಗೆ ಬಂದರು. ಸಾವಿನ ಸುದ್ದಿ ಇನ್ನೂ ತಿಳಿಯದ ಬಸಣ್ಣನ ಕೂಗು ನಮಗೆಲ್ಲ ಕೇಳಿಸಿತು:

"ಸಾಬ್ರ, ತಗಡು ಬಡಕೊಳ್ಳಾಕತ್ತಾವು, ಬಟ್ಟಿ ಇಳಸ್ರಿ!"

ಜೈತುನಬಿ ಒಮ್ಮೆ ಆಕಾಶ ನೋಡಿ, "ಇಳಸ್ರಿ" ಎಂದರು.

ನಾನು ಹಗ್ಗಕ್ಕೆ ಕೈ ಹಾಕಿದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಮಣ್ಣಿಗೆ ಹೊರಡುವವರೆಗೂ ಊರೇ ಬಿಸಿಲಿನಲ್ಲಿ ಕೂತಿತು. ಗಾಳಿ ಬರಲಿಲ್ಲ. ಒಬ್ಬರೂ ಅದರ ಮಾತೆತ್ತಲಿಲ್ಲ.